ಭಯವಾದರೆ ನಂಬಿಕೆ ಕಮ್ಮಿಯಾ?

ಪ್ರಶ್ನೆ: ಯೇಸು ಒಳ್ಳೇ ಕುರುಬ ಅಂತ ಚಿಕ್ಕಂದಿನಿಂದ ನಂಬಿದವಳು ನಾನು. ಯಜಮಾನರಿಗೆ ಆಪರೇಷನ್ ಆದಮೇಲೆ ರಾತ್ರಿಯೆಲ್ಲಾ ಹೆದರಿಕೆ, ನಿದ್ದೆಯೇ ಇಲ್ಲ. ನನ್ನ ನಂಬಿಕೆ ಕಮ್ಮಿ ಆಯ್ತಾ?

ಉತ್ತರ: ಇಲ್ಲಮ್ಮ, ಹಾಗೇನಿಲ್ಲ. ಹೊಲದಲ್ಲಿ ಕುರಿಮಂದೆ ಹಾಕಿದ್ದನ್ನು ನೋಡಿದ್ದೀರಲ್ವಾ? ರಾತ್ರಿ ಎಲ್ಲೋ ನಾಯಿ ಬೊಗಳಿದರೆ ಸಾಕು, ಕುರಿಗಳು ಬೆಚ್ಚಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ, ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ ಕುರುಬ ಎದ್ದು ಒಂದು ಕೂಗು ಹಾಕುತ್ತಾನೆ. ಬೆಚ್ಚಿದ್ದಕ್ಕೆ ಯಾವ ಕುರಿಯನ್ನೂ ಅವನು ಮಂದೆಯಿಂದ ಹೊರಗೆ ಅಟ್ಟುವುದಿಲ್ಲ. ಬೈಬಲ್‌ನ ಯೋಹಾನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳುವುದೂ ಇದೇ: ತೋಳ ಬಂದಾಗ ಓಡಿಹೋಗುವವನು ಕೂಲಿಯಾಳು, ಕುರುಬನಲ್ಲ.

ಇನ್ನೊಂದು ವಿಷಯ, ನನಗೆ ತುಂಬಾ ಇಷ್ಟವಾದದ್ದು. ಬೈಬಲ್‌ನ ಕೀರ್ತನೆಗಳ ಪುಸ್ತಕದ 23ನೇ ಕೀರ್ತನೆಯನ್ನು ನಿಧಾನವಾಗಿ ಓದಿ. ಹಸಿರು ಹುಲ್ಲು, ನೀರು ಇರುವ ಮೊದಲ ಮೂರು ವಚನಗಳಲ್ಲಿ ಕೀರ್ತನೆ ಬರೆದವರು ದೇವರನ್ನು 'ಆತನು' ಅನ್ನುತ್ತಾರೆ. ಕತ್ತಲ ಕಣಿವೆ ಬಂದ ನಾಲ್ಕನೇ ವಚನದಲ್ಲಿ ಅದು 'ನೀನು' ಆಗಿಬಿಡುತ್ತದೆ! ನೀವೂ ಸುಮ್ನೆ ಹಾಗೇ ಮಾತಾಡಿ, ದೊಡ್ಡ ಪ್ರಾರ್ಥನೆಯೇ ಬೇಕಾಗಿಲ್ಲ. ಮತ್ತೆ ನಿದ್ದೆ ಬಗ್ಗೆ ಡಾಕ್ಟರನ್ನೂ ಕೇಳಿ, ಅದೇನೂ ಅಪನಂಬಿಕೆಯಲ್ಲ.