ಇಪ್ಪತ್ತರ ಸಾಲು ಹದಿಮೂರಕ್ಕೆ ಇಳಿಯೋದು ಯಾಕೆ?

ನಲವತ್ನಾಲ್ಕನೇ ವಯಸ್ಸಿಗೆ ಕ್ರೋಶಾ ಕಡ್ಡಿ ಹಿಡಿದು ಮೂರು ವಾರ ಆಯಿತು, 20 ಸ್ಟಿಚ್ ಹಾಕಿ ಶುರು ಮಾಡಿದ ಚೌಕ ಹತ್ತನೇ ಸಾಲಿಗೆ 13ಕ್ಕೆ ಇಳಿದು ತ್ರಿಕೋನ ಆಗ್ತಿದೆ, ಹೆಬ್ಬೆರಳಿನ ಬುಡ ನೋಯುತ್ತೆ, ಈ ವಯಸ್ಸಿಗೆ ಕೈ ಪಳಗೋದಿಲ್ವಾ ಅಂತ ಕೇಳಿದ್ದೀರಿ.

ಪಳಗುತ್ತೆ. ತ್ರಿಕೋನಕ್ಕೂ ವಯಸ್ಸಿಗೂ ಸಂಬಂಧ ಇಲ್ಲ, ಹದಿನಾರರ ಹುಡುಗಿ ಹಾಕಿದರೂ ಮೊದಲ ಚೌಕ ಸಾಮಾನ್ಯವಾಗಿ ಹೀಗೇ ಬರೋದು. ವಯಸ್ಸು ಅಡ್ಡ ಬರೋದು ಕಣ್ಣಲ್ಲಿ, ಅದಕ್ಕೆ ಆಮೇಲೆ ಬರ್ತೀನಿ.

ಹತ್ತು ಸಾಲಿಗೆ ಏಳು ಸ್ಟಿಚ್ ಹೋಗಿದೆ ಅಂದರೆ ಹೆಚ್ಚುಕಮ್ಮಿ ಸಾಲಿಗೊಂದು. ಅವು ನಡುವೆ ಎಲ್ಲೂ ಕಳೆದಿರಲ್ಲ, ತುದಿಯಲ್ಲೇ ಕಳೆದಿರುತ್ತವೆ. ನೀವು ಹಾಕ್ತಿರೋದು ಸಿಂಗಲ್ ಕ್ರೋಶಾ ಅಂತ ಇಟ್ಟುಕೊಳ್ಳೋಣ. ತಳಕ್ಕೆ 21 ಚೈನ್, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆದು ಮಾಡೋ ಸರಪಳಿ, ಹಾಕಬೇಕು: ಇಪ್ಪತ್ತು ಸ್ಟಿಚ್‌ಗೆ, ಒಂದು ತಿರುಗೋದಕ್ಕೆ. ಕಡ್ಡಿಯ ಮೇಲೆ ಕೂತಿರೋ ಕುಣಿಕೆಯನ್ನ ಯಾವತ್ತೂ ಎಣಿಸಬಾರದು. ಕಡ್ಡಿಯಿಂದ ಎರಡನೇ ಚೈನ್‌ಗೆ ಚುಚ್ಚಿ, ದಾರ ಸುತ್ತಿ ಎಳೆದರೆ ಕಡ್ಡಿ ಮೇಲೆ ಎರಡು ಕುಣಿಕೆ. ಮತ್ತೆ ದಾರ ಸುತ್ತಿ ಎರಡರೊಳಗಿಂದಲೂ ಎಳೆದರೆ ಒಂದು ಸ್ಟಿಚ್ ಮುಗೀತು. ಹೀಗೆ 20 ಆದಮೇಲೆ ಒಂದು ಚೈನ್ ಹಾಕಿ ತಿರುಗಿಸಿ. ಈಗ ಮೊದಲ ಸ್ಟಿಚ್ ಹೋಗಬೇಕಾದದ್ದು ತೀರಾ ತುದಿಯಲ್ಲಿರೋ ಸ್ಟಿಚ್‌ಗೇ. ಅದು ಚೈನ್‌ಗೆ ಅಂಟಿಕೊಂಡು ಇಕ್ಕಟ್ಟಾಗಿರುತ್ತೆ, ಹಾಗಾಗಿ ಕೈ ತಾನಾಗಿ ಅದರ ಪಕ್ಕದ ಅಗಲವಾದ ಜಾಗಕ್ಕೆ ಹೋಗುತ್ತೆ. ಒಂದು ಹೋಯಿತು.

ಇನ್ನೊಂದು ಹೋಗೋದು ಸಾಲಿನ ಕೊನೆಯಲ್ಲಿ. ಸಾಲಿನ ಮೇಲಂಚನ್ನ ಮೇಲಿಂದ ನೋಡಿ, ಜಡೆ ಹೆಣೆದ ಹಾಗಿರುತ್ತೆ, ಒಂದೊಂದು ಸ್ಟಿಚ್‌ಗೂ ಎರಡೆರಡು ಎಳೆ. ಕಡ್ಡಿ ಆ ಎರಡೂ ಎಳೆಯ ಅಡಿಯಿಂದ ಹೋಗಬೇಕು. ಕೊನೆಯ ಸ್ಟಿಚ್‌ನ ಜಡೆ ಮಾತ್ರ ಮೇಲ್ಮುಖವಾಗಿ ಇರೋದಿಲ್ಲ. ಹಿಂದಿನ ಸಾಲಿನಲ್ಲಿ ನೀವು ತಿರುಗುವಾಗ ಹಾಕಿದ ಚೈನ್ ಅದನ್ನ ಪಕ್ಕಕ್ಕೆ ಎಳೆದು, ಅಂಚಿನ ಮೇಲೆ ಮಲಗಿಸಿಬಿಟ್ಟಿರುತ್ತೆ. ಸಾಲು ಮುಗಿದಂತೆ ಕಾಣುತ್ತೆ, ಮುಗಿದಿರೋದಿಲ್ಲ.

ಇದಕ್ಕೆ ಒಂದು ಪಿನ್ ಸಾಕು. ಪ್ರತಿ ಸಾಲಿನ ಮೊದಲ ಸ್ಟಿಚ್ ಹಾಕಿದ ತಕ್ಷಣ ಅದರ ನೆತ್ತಿಯ ಎರಡೆಳೆಗೆ ಸೇಫ್ಟಿ ಪಿನ್ ಸಿಕ್ಕಿಸಿ. ಮುಂದಿನ ಸಾಲಿನ ಕೊನೆಯ ಸ್ಟಿಚ್ ಆ ಪಿನ್ ಇರೋ ಜಾಗಕ್ಕೇ ಬೀಳಬೇಕು. ಪಿನ್ ಇನ್ನೂ ಖಾಲಿ ಇದೆ ಅಂದರೆ ನೀವು ಸಾಲು ಮುಗಿಸಿಲ್ಲ. ಮೊದಲ 15 ಸಾಲು ಪ್ರತಿ ಸಲ ಎಣಿಸಿ: 19 ಬಂದರೆ ತುದಿ ಬಿಟ್ಟಿದ್ದೀರಿ, 21 ಬಂದರೆ ತಿರುಗೋ ಚೈನ್‌ಗೂ ಒಂದು ಹಾಕಿದ್ದೀರಿ ಅಥವಾ ಒಂದೇ ಜಾಗಕ್ಕೆ ಎರಡು ಹಾಕಿದ್ದೀರಿ. ಆ ಸಾಲನ್ನ ಅಲ್ಲೇ ಬಿಚ್ಚಿ. ಕ್ರೋಶಾದಲ್ಲಿ ಜೀವ ಇರೋದು ಒಂದೇ ಕುಣಿಕೆಯಲ್ಲಿ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಆಗುವ ಹಾಗೆ ಸಾಲುಗಟ್ಟಲೆ ಜಾರಿ ಹೋಗೋ ಭಯ ಇಲ್ಲ. ದಾರ ಎಳೆದು, ತಪ್ಪಿದ ಕಡೆ ನಿಂತು, ಕುಣಿಕೆಗೆ ಕಡ್ಡಿ ಹಾಕಿದರೆ ಆಯಿತು.

ನಿಮ್ಮದು ಡಬಲ್ ಕ್ರೋಶಾ, ಅಂದರೆ ಸಿಂಗಲ್‌ಗಿಂತ ಎತ್ತರದ ಸ್ಟಿಚ್, ಆಗಿದ್ದರೆ ಲೆಕ್ಕ ಬೇರೆ. ಅಲ್ಲಿ ತಿರುಗುವಾಗ 3 ಚೈನ್ ಹಾಕ್ತೀವಿ, ಸಾಮಾನ್ಯವಾಗಿ ಆ ಮೂರೇ ಮೊದಲ ಸ್ಟಿಚ್ ಅಂತ ಲೆಕ್ಕ. ಆಗ ತುದಿಯ ಸ್ಟಿಚ್ ಬಿಟ್ಟು ಮುಂದಿನದಕ್ಕೆ ಹೋಗಬೇಕು, ಸಾಲಿನ ಕೊನೆಯಲ್ಲಿ ಹಿಂದಿನ ಸಾಲಿನ ಮೂರನೇ ಚೈನ್‌ನ ತಲೆಗೂ ಒಂದು ಹಾಕಬೇಕು. ಒಂದು ವಿಡಿಯೋದಲ್ಲಿ ಸಿಂಗಲ್, ಇನ್ನೊಂದರಲ್ಲಿ ಡಬಲ್ ಕಲಿತು ಎರಡರ ನಿಯಮ ಬೆರೆಸಿಕೊಂಡವರ ಅಂಚು ಯಾವತ್ತೂ ನೆಟ್ಟಗೆ ಬರಲ್ಲ.

ಇದರ ಮೇಲೆ ಹೆಸರಿನ ಗೊಂದಲ ಬೇರೆ. ಅಮೆರಿಕದವರು ಸಿಂಗಲ್ ಅನ್ನೋದನ್ನ ಬ್ರಿಟಿಷರು ಡಬಲ್ ಅಂತಾರೆ, ಅಮೆರಿಕದ ಡಬಲ್ ಬ್ರಿಟಿಷರಿಗೆ ಟ್ರೆಬಲ್. ನಾನು ಇಲ್ಲಿ ಬಳಸಿರೋದು ಅಮೆರಿಕದ ಹೆಸರು. ಬ್ರಿಟಿಷ್ ಪದ್ಧತಿಯಲ್ಲಿ ಸಿಂಗಲ್ ಅನ್ನೋ ಮಾತೇ ಸಾಮಾನ್ಯವಾಗಿ ಬರೋದಿಲ್ಲ, ಹಾಗಾಗಿ ನಿಮ್ಮ ನಮೂನೆಯಲ್ಲಿ ಆ ಪದ ಕಂಡರೆ ಅದು ಅಮೆರಿಕದ್ದು. ಅತ್ತೆ ಕಾಲದ ಪುಸ್ತಕ ಒಂದು ಕೈಲಿ, ಯೂಟ್ಯೂಬ್ ಇನ್ನೊಂದು ಕೈಲಿ ಇಟ್ಟುಕೊಂಡು ಕೂತರೆ ಯಾರಿಗಾದರೂ ತಲೆ ಕೆಡುತ್ತೆ.

ಈಗ ನೋವಿನ ವಿಷಯ. ಮೊದಲು ಕಡ್ಡಿಯನ್ನೇ ಹತ್ತಿರದಿಂದ ನೋಡಿ. ತುದಿಯಲ್ಲಿ ಕೊಕ್ಕೆ, ಅದರ ಕೆಳಗೆ ಸಣ್ಣ ಕತ್ತು, ಆಮೇಲೆ ಒಂದೇ ದಪ್ಪದ ನುಣುಪು ಭಾಗ, ಅದರಾಚೆ ಹೆಬ್ಬೆರಳು ಇಡೋ ಚಪ್ಪಟೆ ಜಾಗ. 5 ಮಿಮೀ ಅಂತ ಅಚ್ಚಾಗಿರೋದು ಆ ನುಣುಪು ಭಾಗದ ದಪ್ಪ. ಹೊಸಬರು ಕುಣಿಕೆಯನ್ನ ಕತ್ತಿನಲ್ಲೇ ಬಿಗಿದುಬಿಡ್ತಾರೆ. ಆಗ 5 ಮಿಮೀ ಕಡ್ಡಿಯಲ್ಲಿ 3 ಮಿಮೀ ಕುಣಿಕೆ ಆಗುತ್ತೆ, ಮುಂದಿನ ಸಾಲಿನಲ್ಲಿ ಕೊಕ್ಕೆ ಒಳಗೆ ಹೋಗದೆ ಒತ್ತಬೇಕಾಗುತ್ತೆ, ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತೆ. ದಾರ ಎಳೆದ ಮೇಲೆ ಪ್ರತಿ ಸಲ ಕುಣಿಕೆಯನ್ನ ದಪ್ಪ ಭಾಗದವರೆಗೆ ಜಾರಿಸಿ, ಅಲ್ಲಿ ಕೂತಮೇಲೆ ಮುಂದಿನದಕ್ಕೆ ಹೋಗಿ. ಈ ಒಂದು ಅಭ್ಯಾಸದಿಂದಲೇ ಬಹಳಷ್ಟು ಜನರ ಬಿಗಿ ಅರ್ಧಕ್ಕೆ ಇಳಿಯುತ್ತೆ.

ಎಡಗೈಯಲ್ಲಿ ದಾರವನ್ನ ಕಿರುಬೆರಳಿಗೆ ಒಂದು ಸುತ್ತು ಹಾಕಿ, ನಡುವಿನ ಎರಡು ಬೆರಳ ಅಡಿಯಿಂದ ತಂದು, ತೋರುಬೆರಳ ಮೇಲೆ ಹಾಯಿಸಿ. ಹೆಬ್ಬೆರಳು ಮತ್ತು ಮಧ್ಯದ ಬೆರಳು ಹೆಣೆದ ಭಾಗವನ್ನ ಕುಣಿಕೆಯ ಕೆಳಗೇ ಹಿಡಿದಿರಲಿ, ಮೂರು-ನಾಲ್ಕು ಸ್ಟಿಚ್‌ಗೊಮ್ಮೆ ಹಿಡಿತ ಮುಂದಕ್ಕೆ ಸರಿಯಲಿ. ತಳದ ಚೈನ್ ಬಿಗಿಯಾದರೆ ಬಟ್ಟೆ ಬಿಲ್ಲಿನ ಹಾಗೆ ಬಾಗುತ್ತೆ. ಚೈನ್ ಮಾತ್ರ 6 ಮಿಮೀ ಕಡ್ಡಿಯಲ್ಲಿ ಹಾಕಿ, ಆಮೇಲೆ 5ಕ್ಕೆ ಬನ್ನಿ. 20 ನಿಮಿಷಕ್ಕೊಮ್ಮೆ ಕಡ್ಡಿ ಕೆಳಗಿಡಿ, ಮೊಣಕೈಗೆ ದಿಂಬು ಇರಲಿ. ರಾತ್ರಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿಯೋದು ಶುರುವಾದರೆ ಮಾತ್ರ ಅದು ಕ್ರೋಶಾ ಪ್ರಶ್ನೆ ಅಲ್ಲ, ಡಾಕ್ಟರಿಗೆ ತೋರಿಸಿ.

ಇನ್ನು ಕಣ್ಣು. ನಲವತ್ತು ದಾಟಿದಮೇಲೆ ಹತ್ತಿರದ್ದು ಮಂಕಾಗುತ್ತೆ, ಅದಕ್ಕೇ ಆ ಕನ್ನಡಕಕ್ಕೆ ಚಾಳೀಸು ಅಂತ ಹೆಸರು. ಫೋನನ್ನ ದೂರ ಹಿಡಿದು ಓದೋ ರೂಢಿ ಬಂದಿದ್ದರೆ ಸ್ಟಿಚ್‌ನ ಎರಡೆಳೆ ನಿಮಗೆ ಒಂದೇ ಆಗಿ ಕಾಣ್ತಿರಬಹುದು, ನೀವು ಅದನ್ನ ಕೈಯ ತಪ್ಪು ಅಂದುಕೊಂಡಿರಬಹುದು. ಕಣ್ಣು ಪರೀಕ್ಷೆ ಮಾಡಿಸಿ. ಬಲಗೈಯವರಾದರೆ ದೀಪ ಎಡಭುಜದ ಕಡೆಯಿಂದ ಬರಲಿ, ಇಲ್ಲದಿದ್ದರೆ ಕೈಯ ನೆರಳು ಕೆಲಸದ ಮೇಲೇ ಬೀಳುತ್ತೆ.

ದಾರದ ಬಣ್ಣವೂ ಇದರಲ್ಲಿ ಸೇರುತ್ತೆ. ಕಪ್ಪು, ಕಡುನೀಲಿ, ಮೆರೂನ್ ಬೇಡ. ತಿಳಿ ಹಳದಿ, ತಿಳಿ ಹಸಿರು, ಕೆನೆ ಬಣ್ಣ ತಗೊಳ್ಳಿ. ಬೆಕ್ಕಿನ ಮೈಯಂಥ ಮೆತ್ತನೆ ಜೂಲಿನ ಉಲ್ಲನ್ ಅಂಗಡಿಯಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಮುಟ್ಟಬೇಡಿ, ಅದರಲ್ಲಿ ಸ್ಟಿಚ್ ಕಾಣಲ್ಲ, ಬಿಚ್ಚಿದರೆ ಸಿಕ್ಕು. ಮನೆಯಲ್ಲಿ ಹಿರಿಯರ ಸ್ಟೀಲ್ ಕಡ್ಡಿ, ಬಿಳಿ ಹತ್ತಿ ದಾರ ಇದೆ ಅಂತ ಅದರಲ್ಲೇ ಶುರು ಮಾಡೋದು ನನ್ನ ಪ್ರಕಾರ ದೊಡ್ಡ ತಪ್ಪು. 1 ಮಿಮೀ ಆಸುಪಾಸಿನ ಆ ಕಡ್ಡಿ ಲೇಸ್‌ಗೆ ಇರೋದು. ನುಣುಪಾದ, ನಡುದಪ್ಪದ ಅಕ್ರಿಲಿಕ್ ಉಲ್ಲನ್ 100 ಗ್ರಾಂ, ಅಲ್ಯೂಮಿನಿಯಂ ಕಡ್ಡಿ 5 ಮಿಮೀ, ಅಷ್ಟೇ ಸಾಕು. ಉಲ್ಲನ್ ಲೇಬಲ್‌ನಲ್ಲಿ 4 ಅಥವಾ 4.5 ಮಿಮೀ ಕಡ್ಡಿ ಅಂತಿದ್ದರೂ ಬಿಗಿಗೈಯವರಿಗೆ 5 ವಾಸಿ. ಲಡಿಯಾಗಿ ಕೊಟ್ಟರೆ ಅದನ್ನ ಕುರ್ಚಿಯ ಬೆನ್ನಿಗೆ ಹಾಕಿ ಸಡಿಲವಾಗಿ ಉಂಡೆ ಸುತ್ತಿಕೊಳ್ಳಿ, ಲಡಿಯಿಂದಲೇ ಹೆಣೆಯೋಕೆ ಹೋಗಬೇಡಿ.

ಕ್ರೋಶಾ ಜೊತೆಗೆ ಕೀಬೋರ್ಡ್ ಕ್ಲಾಸಿಗೂ ಸೇರಿದ್ದೀನಿ, ಎರಡೂ ಬರ್ತಿಲ್ಲ ಅಂತಲೂ ಬರೆದಿದ್ದೀರಿ. ದೊಡ್ಡವರ ಕಷ್ಟ ಏನು ಅಂದರೆ ಚೆನ್ನಾಗಿರೋದು ಹೇಗಿರುತ್ತೆ ಅಂತ ಕಣ್ಣಿಗೂ ಕಿವಿಗೂ ಆಗಲೇ ಗೊತ್ತು, ಕೈಗೆ ಗೊತ್ತಿಲ್ಲ. ಮಕ್ಕಳು ವಕ್ರ ಚೌಕವನ್ನೇ ಗೊಂಬೆಗೆ ಹೊದಿಸಿ ಮುಂದೆ ಹೋಗ್ತಾರೆ. ಸಂಗೀತದಲ್ಲಿ ಸರಳೆ ವರಸೆಯನ್ನ ಮೊದಲು ಒಂದನೇ ಕಾಲದಲ್ಲಿ, ಅಂದರೆ ನಿಧಾನ ವೇಗದಲ್ಲಿ, ಕೂರಿಸಿ ಆಮೇಲೆ ಎರಡು, ಮೂರನೇ ಕಾಲಕ್ಕೆ ಹೋಗೋದು ಸುಮ್ಮನೆ ಅಲ್ಲ. ಇಲ್ಲೂ ವಿಡಿಯೋವನ್ನ ಅರ್ಧ ವೇಗಕ್ಕೆ ಇಳಿಸಿ, ಮೊದಲ ಸಲ ಬರಿಗೈಲಿ ನೋಡಿ, ಎರಡನೇ ಸಲ ಕಡ್ಡಿ ಹಿಡಿಯಿರಿ. ಭಾನುವಾರ ಮೂರು ಗಂಟೆ ಕೂರೋದಕ್ಕಿಂತ ದಿನಾ 20 ನಿಮಿಷ ಮೇಲು. ಕೀಬೋರ್ಡನ್ನ ಬೆಳಿಗ್ಗೆಗೆ, ಕಡ್ಡಿಯನ್ನ ಸಂಜೆಗೆ ಇಟ್ಟುಕೊಳ್ಳಿ, ಬೆರಳಿಗೂ ಬಿಡುವು ಸಿಗುತ್ತೆ.

ನೇರ ಅಂಚಿನ 20ರ ಚೌಕ ಎರಡು ಬಂದಮೇಲೆ ದುಂಡಗಿನದಕ್ಕೆ ಹೋಗಿ. ದಾರದ ಉಂಗುರದಿಂದ ಶುರು ಮಾಡೋ ಮ್ಯಾಜಿಕ್ ರಿಂಗ್ ಸದ್ಯಕ್ಕೆ ಬೇಡ: 2 ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನ್‌ಗೇ 6 ಸಿಂಗಲ್ ಹಾಕಿ. ಮುಂದಿನ ಸುತ್ತಿಗೆ 12, ಆಮೇಲೆ 18, 24, ಸುತ್ತಿಗೆ ಆರಾರು ಏರಬೇಕು. ಬಟ್ಟಲಿನ ಹಾಗೆ ಮೇಲೆದ್ದರೆ ಏರಿಸಿದ್ದು ಕಡಿಮೆ, ಅಂಚು ಅಲೆಅಲೆಯಾದರೆ ಜಾಸ್ತಿ. ಬಾಗಿಲ ತೋರಣ ಹಾಕೋ ಆಸೆ ಇದ್ದರೆ ಅದು ಇದಾದಮೇಲೆ.

ಒಂದು ಎಚ್ಚರಿಕೆ. ಆ ಮೊದಲ ಚೌಕವನ್ನ ಮಸಿಬಟ್ಟೆ ಮಾಡ್ಕೊಳ್ಳೋಣ ಅನಿಸಬಹುದು. ಅಕ್ರಿಲಿಕ್ ಬಿಸಿಗೆ ಕರಗುತ್ತೆ, ಒಲೆಯಿಂದ ಇಳಿಸೋ ಪಾತ್ರೆಗೆ ಅದನ್ನ ಹಿಡಿದರೆ ಕೈಗೇ ಅಂಟಿ ಸುಡುತ್ತೆ. ಮಸಿಬಟ್ಟೆಗೆ ಶುದ್ಧ ಹತ್ತಿಯ ದಪ್ಪ ದಾರವೇ ಬೇಕು. ಅಕ್ರಿಲಿಕ್ ಚೌಕವನ್ನ ಹೂದಾನಿ ಅಡಿ ಹಾಕಿ, ಆದರೆ ಅದಕ್ಕೆ ಮೊದಲು ದಾರವನ್ನ 15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಕೊನೆ ಕುಣಿಕೆಯೊಳಗೆ ಪೂರ್ತಿ ಎಳೆದು, ದಬ್ಬಳದಂಥ ಮೊಂಡು ಸೂಜಿಯಲ್ಲಿ ಸ್ಟಿಚ್‌ಗಳ ಒಳಗೆ ಒಂದು ಕಡೆ ಹೋಗಿ, ವಾಪಸ್ ಬಂದು, ಮತ್ತೊಮ್ಮೆ ಹೋಗಿ. ಒಂದೇ ದಿಕ್ಕಿಗೆ ಸಿಕ್ಕಿಸಿದ ಬಾಲ ಎರಡನೇ ಒಗೆತಕ್ಕೇ ಹೊರಗೆ ಬರುತ್ತೆ.