ಕ್ರೂಸ್ ಹಡಗಿನ ಕೋಣೆಗಳಲ್ಲಿ ಉಚಿತ ಶಾಂಪೂ ಬಾಟಲಿಗಳು ಈಗೇಕೆ ಕಾಣುವುದಿಲ್ಲ?

ಮುಖ್ಯ ಕಾರಣ ಖರ್ಚು. ಕಂಪನಿಗಳು ಹೇಳುವ ಪರಿಸರ ಕಾಳಜಿ ಪೂರ್ತಿ ಸುಳ್ಳಲ್ಲ, ಆದರೆ ಇಲ್ಲಿ ಅದು ಲಾಭದ ದಾರಿಯಲ್ಲೇ ಸಿಕ್ಕ ಪುಣ್ಯ.

ಒಂದು ಪುಟ್ಟ ಬಾಟಲಿಯ ಬೆಲೆ ಲೆಕ್ಕಕ್ಕೆ ಬಾರದಷ್ಟು. ಆದರೆ 2024ರಲ್ಲಿ ಸೇವೆಗಿಳಿದ ‘ಐಕಾನ್ ಆಫ್ ದ ಸೀಸ್’ ಹಡಗಿನಲ್ಲಿ ಕೋಣೆಗೆ ಇಬ್ಬರಂತೆ ಹಿಡಿದರೂ 5,610 ಪ್ರಯಾಣಿಕರು. ಪ್ರತಿ ಯಾನಕ್ಕೂ ಅಷ್ಟು ಜನರಿಗೆ ಹೊಸ ಬಾಟಲಿ ಇಟ್ಟು, ಅರ್ಧ ಬಳಸಿದ್ದನ್ನು ಎಸೆಯಬೇಕು. ಎಸೆಯುವುದಾದರೂ ಎಲ್ಲಿ? ಸಮುದ್ರಕ್ಕೆ ಪ್ಲಾಸ್ಟಿಕ್ ಹಾಕುವುದನ್ನು ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ‘ಮಾರ್ಪೋಲ್’ ಒಪ್ಪಂದದ ಐದನೆಯ ಅನುಬಂಧ 1988ರ ಕೊನೆಯಿಂದಲೇ ನಿಷೇಧಿಸಿದೆ. ಹಡಗಿನಲ್ಲೇ ಸುಡಬೇಕು, ಇಲ್ಲವೇ ಕೂಡಿಟ್ಟು ಬಂದರಿನಲ್ಲಿ ಇಳಿಸಬೇಕು. ಎರಡಕ್ಕೂ ದುಡ್ಡು ಬೇಕು.

ಹಾಗಾಗಿ ಸ್ನಾನದ ಗೋಡೆಗೆ ಒತ್ತುಗುಂಡಿಯ ಡಬ್ಬಿ ಬಂತು; ಖಾಲಿಯಾದಷ್ಟು ತುಂಬಿದರಾಯಿತು. ಸಾಮಾನ್ಯ ಕೋಣೆಗಳಲ್ಲಿ ಅದರೊಳಗೆ ಅನೇಕ ಸಲ ತಲೆಗೂ ಮೈಗೂ ಒಂದೇ ದ್ರವ ಇರುತ್ತದೆ. ಉದ್ದ ಕೂದಲಿದ್ದರೆ ಬಾಚಣಿಗೆ ಸಿಕ್ಕಿಕೊಳ್ಳುವುದು ಖಚಿತ. ದುಬಾರಿ ಸೂಟ್ ಕೋಣೆಗಳಲ್ಲಿ ಹೆಸರಾಂತ ಬ್ರ್ಯಾಂಡ್‌ಗಳ ಸಾಬೂನು, ಲೋಷನ್ ಇನ್ನೂ ಸಿಗುವುದುಂಟು. ಉಳಿತಾಯ ಅಷ್ಟು ಮಹಡಿ ಹತ್ತುವುದಿಲ್ಲ. ಕಂಡಿಷನರ್ ಮತ್ತು ಟೂತ್‌ಪೇಸ್ಟ್ ಮನೆಯಿಂದಲೇ ಒಯ್ಯಿರಿ, ಹಡಗಿನ ಅಂಗಡಿಯಲ್ಲಿ ಅವು ದುಬಾರಿ.