ಪತ್ರದಲ್ಲಿ ‘ಪಾಷಾಣ’ ಎಂದಿದ್ದರೆ ಬಂಡೆ ನಮ್ಮದೇ?

ಪ್ರಶ್ನೆ: ತಾತ 1938ರಲ್ಲಿ ಕೊಂಡ ಜಮೀನಿನ ಕ್ರಯಪತ್ರದಲ್ಲಿ ‘ನಿಧಿ ನಿಕ್ಷೇಪ ಜಲ ತರು ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯಗಳು ನಿಮಗೇ ಸಲ್ಲತಕ್ಕದ್ದು’ ಎಂದಿದೆ. ಜಮೀನಿನಲ್ಲಿ ದೊಡ್ಡ ಬಂಡೆಯಿದೆ. ‘ಪಾಷಾಣ ಎಂದು ಬರೆದುಕೊಟ್ಟಿದ್ದಾರೆ, ಕಲ್ಲು ಒಡೆದು ಮಾರಲು ಯಾರ ಅಪ್ಪಣೆಯೂ ಬೇಡ’ ಎನ್ನುತ್ತಾರೆ ಚಿಕ್ಕಪ್ಪ. ನಿಜವೇ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಅಪ್ಪಣೆ ಬೇಕೇ ಬೇಕು. ಪತ್ರದ ಮಾತನ್ನು ನಂಬಿ ಬಂಡೆಗೆ ಕೈ ಹಾಕಬೇಡಿ.

ಈ ಒಕ್ಕಣೆ ತೀರಾ ಹಳೆಯದು. ವಿಜಯನಗರ ಕಾಲದ ದಾನಶಾಸನಗಳಲ್ಲೂ ಇದೇ ಪಟ್ಟಿ ಸಿಗುತ್ತದೆ. ನಿಧಿ ಎಂದರೆ ಹೂತಿಟ್ಟ ಧನ, ನಿಕ್ಷೇಪ ಎಂದರೆ ಇರಿಸಿದ ಇಡುಗಂಟು. ತರು ಎಂದರೆ ಮರ, ಪಾಷಾಣ ಎಂದರೆ ಕಲ್ಲು. ಅಕ್ಷೀಣಿ ಕ್ಷಯಿಸದ ಹುಟ್ಟುವಳಿ, ಆಗಾಮಿ ಮುಂದೆ ಬರುವ ಆದಾಯ. ಈಗಾಗಲೇ ಸಾಗುವಳಿಯಲ್ಲಿರುವುದು ಸಿದ್ಧ, ಮುಂದೆ ಸಾಗುವಳಿಗೆ ತರಬಹುದಾದದ್ದು ಸಾಧ್ಯ. ‘ತರು’ವನ್ನೂ ಎಣಿಸಿದರೆ ನಿಮ್ಮ ಪತ್ರದ ಅಷ್ಟಭೋಗ ಒಂಬತ್ತಾಗುತ್ತದೆ! ಪತ್ರ ಬರಹಗಾರರು ತಲೆತಲಾಂತರದಿಂದ ಹೀಗೆಯೇ ನಕಲು ಮಾಡಿಕೊಂಡು ಬಂದಿದ್ದಾರೆ, ಇಂದಿನ ಕಂಪ್ಯೂಟರ್ ಪತ್ರಗಳಲ್ಲೂ ಅದು ತಪ್ಪಿಲ್ಲ.

ಅರಸನ ಕೈಯಲ್ಲಿ ಇವೆಲ್ಲ ಇದ್ದವು, ದಾನ ಕೊಟ್ಟ. ನಿಮ್ಮ ತಾತನಿಗೆ ಜಮೀನು ಮಾರಿದವರ ಕೈಯಲ್ಲಿ ಇದ್ದವೇ? ಮಾರಿದವರಿಗೆ ಇಲ್ಲದ ಹಕ್ಕು ಕೊಂಡವರಿಗೆ ಬರುವುದಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 70ನೇ ಕಲಮಿನ ಪ್ರಕಾರ ಗಣಿ, ಖನಿಜಗಳ ಹಕ್ಕು ಸರ್ಕಾರದ್ದು. ಸ್ವಂತ ಪಟ್ಟಾ ಜಮೀನಿನಲ್ಲಿ ಕಲ್ಲು ತೆಗೆದು ಮಾರುವುದಕ್ಕೂ 1994ರ ಉಪಖನಿಜ ನಿಯಮಗಳಡಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ಪರವಾನಗಿ ಪಡೆದು ರಾಜಧನ ಕಟ್ಟಬೇಕು. ನಿಧಿಯ ಕಥೆಯೂ ಅಷ್ಟೇ: ನೆಲ ಅಗೆಯುವಾಗ ಚಿನ್ನದ ಗಡಿಗೆ ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಲೇಬೇಕು, ಬಚ್ಚಿಟ್ಟರೆ ಅಪರಾಧ. ‘ತರು’ವಿನಲ್ಲಿ ಮಾತ್ರ ಕಾಲ ನಿಮ್ಮ ಕಡೆಗೆ ತಿರುಗಿದೆ. ಶ್ರೀಗಂಧ ಸ್ವಂತ ಹೊಲದಲ್ಲಿ ಬೆಳೆದರೂ ಬಹುಕಾಲ ಸರ್ಕಾರದ ಸೊತ್ತಾಗಿತ್ತು. ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯ ನಂತರ ಜಮೀನಿನ ಒಡೆಯನಿಗೇ ಸೇರುತ್ತದೆ. ಆದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಪ್ರಶ್ನೆ: ಅಜ್ಜ 1971ರಲ್ಲಿ ಎರಡು ಎಕರೆಯನ್ನು 5 ವರ್ಷದ ವಾಯಿದೆಗೆ ‘ಸ್ವಾಧೀನ ಭೋಗ್ಯ’ಕ್ಕೆ ಬರೆದುಕೊಟ್ಟಿದ್ದರು. ಸಾಲ ತೀರಿಸಲಿಲ್ಲ. ‘ವಾಯಿದೆ ಮುಗಿದು ಎಷ್ಟೋ ಕಾಲವಾಯಿತು, ಜಮೀನು ನಮ್ಮದೇ’ ಎಂದು ಭೋಗ್ಯ ಪಡೆದವರ ಮಕ್ಕಳು ಹೇಳುತ್ತಿದ್ದಾರೆ.
– ಓದುಗರು, ಹಾಸನ

ಉತ್ತರ: ಹೇಳಿದ ಮಾತ್ರಕ್ಕೆ ಅವರದಾಗುವುದಿಲ್ಲ. ಸ್ವಾಧೀನ ಭೋಗ್ಯವೆಂದರೆ ಸಾಲ ಕೊಟ್ಟವನು ಜಮೀನನ್ನು ಅನುಭವಿಸುತ್ತ ಅದರ ಹುಟ್ಟುವಳಿಯನ್ನು ಬಡ್ಡಿಗೋ ಅಸಲಿಗೋ ವಜಾ ಹಾಕಿಕೊಳ್ಳುವ ಆಧಾರ, ಅಂದರೆ ಅಡಮಾನ. ಒಡೆತನ ಅಜ್ಜನಲ್ಲೇ ಉಳಿದಿತ್ತು. ಬಿಡಿಸಿಕೊಳ್ಳುವ ದಾವೆಗೆ 30 ವರ್ಷದ ಕಾಲಮಿತಿ ಇದೆಯೆಂದು ಎದುರಿನವರು ವಾದಿಸುತ್ತಾರೆ. ಆದರೆ ಇಂಥ ಆಧಾರದಲ್ಲಿ ಆ ಎಣಿಕೆ ಪತ್ರದ ದಿನದಿಂದ ಶುರುವಾಗುವುದಿಲ್ಲ, ಸಾಲ ತೀರಿದ ಅಥವಾ ಹಣ ಕಟ್ಟಿದ ದಿನದಿಂದ ಶುರುವಾಗುತ್ತದೆ ಎಂದು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ 2014ರಲ್ಲಿ ತೀರ್ಪು ಕೊಟ್ಟಿದೆ.

ಆದರೆ ಮೊದಲು ಉಪನೋಂದಣಾಧಿಕಾರಿ ಕಚೇರಿಯಿಂದ ಮೂಲಪತ್ರದ ದೃಢೀಕೃತ ನಕಲು ತೆಗೆಸಿ. ಮನೆಯಲ್ಲಿ ‘ಭೋಗ್ಯ’ ಎಂದು ಕರೆಯುತ್ತಿದ್ದ ಪತ್ರ ಅಲ್ಲಿ ‘ಅವಧಿ ಕ್ರಯ’ (ಷರತ್ತಿನ ಮಾರಾಟ) ಆಗಿರುವುದನ್ನು ಬಹಳ ಸಲ ಕಂಡಿದ್ದೇನೆ. ಹಣ ಹಿಂತಿರುಗಿಸಿದರೆ ಜಮೀನು ಮರಳಿ ಬರೆದುಕೊಡುವ ಷರತ್ತು ಅದೇ ಪತ್ರದಲ್ಲಿದ್ದರೆ ಅದು ಆಧಾರ ಎಂದು ವಾದಿಸಬಹುದು. ಬೇರೆ ಕಾಗದದಲ್ಲಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 1929ರ ತಿದ್ದುಪಡಿಯಿಂದೀಚೆಗೆ ಅದನ್ನು ಆಧಾರವೆಂದು ಪರಿಗಣಿಸುವುದಿಲ್ಲ. ಆಗ ನಿಮ್ಮ ದಾರಿ ಕಷ್ಟದ್ದು.

ಪ್ರಶ್ನೆ: ಪಹಣಿಯಲ್ಲಿ ‘ಬಿ ಖರಾಬು 4 ಗುಂಟೆ’ ಎಂದಿದೆ. ಮಾರುವವರು ಅದಕ್ಕೂ ದುಡ್ಡು ಕೇಳುತ್ತಿದ್ದಾರೆ.
– ಓದುಗರು, ದೊಡ್ಡಬಳ್ಳಾಪುರ

ಉತ್ತರ: ಕೊಡಬೇಡಿ. ‘ಎ’ ಖರಾಬು ಬಂಡೆಯಂಥ ಸಾಗುವಳಿಗೆ ಬಾರದ ನೆಲ, ಹಿಡುವಳಿಯ ಜೊತೆಗೇ ಬರುತ್ತದೆ. ‘ಬಿ’ ಖರಾಬು ದಾರಿ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಬಳಕೆಯದು, ಸರ್ಕಾರದ್ದು. ಭೂಮಾಪನ ಕಚೇರಿಯಿಂದ ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಅಳತೆಯ ನಕ್ಷೆ) ತರಿಸಿ, ಆ ನಾಲ್ಕು ಗುಂಟೆ ಯಾವ ಮೂಲೆಯಲ್ಲಿದೆ ಎಂದು ಗುರುತಿಸಿಕೊಂಡ ಮೇಲೆಯೇ ಮುಂಗಡ ಕೊಡಿ.